ಆರು ಮಿಲಿಮೀಟರಿನ ನುಡಿ

2024 ಡಿಸೆಂಬರ್ 8, ಭಾನುವಾರ

ಸಾಲಿಮ್ ಕೊಟ್ಟ ಡೈವಿಂಗ್ ಪುಸ್ತಕದಲ್ಲಿ ಒಂದು ಮುಳುಗಿಗೆ ಎರಡು ಬೆರಳಗಲದ ಜಾಗ ಬಿಟ್ಟಿದ್ದಾರೆ. ಆಳ ಎಷ್ಟು, ಎಷ್ಟು ನಿಮಿಷ, ನೀರು ಎಷ್ಟು ತಣ್ಣಗೆ, ಅಷ್ಟೇ. ನನ್ನಂಥವನ ಮುಳುಗು ಎರಡು ಬೆರಳಿನಲ್ಲಿ ಹಿಡಿಯುತ್ತದೆಯೇ? ಅದಕ್ಕೇ ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಹಳೇ ಖಾಲಿ ಡೈರಿಯೊಂದನ್ನು ಮನೆಗೆ ತಂದೆ. ಯಾರೂ ಓದುವುದಿಲ್ಲವಾದ್ದರಿಂದ ನಿಜವನ್ನೇ ಬರೆಯುತ್ತೇನೆ: ಇಂದು ಬೋಟಿನಲ್ಲಿದ್ದ ಏಳು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮುಳುಗಿದವನು ಕ್ಯಾಮಿಲಸ್ ಡಿಸೋಜ, ವಯಸ್ಸು ಐವತ್ತೇಳು, ಊರು ಉದ್ಯಾವರ. ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವಾಗ ಮೂರು ನಿಮಿಷ ಉಸಿರು ಕಟ್ಟುತ್ತಿದ್ದವ ನಾನು. ಎರಡು ನಿಮಿಷವೂ ಇರಬಹುದು, ಗಡಿಯಾರ ಯಾರ ಹತ್ತಿರವೂ ಇರಲಿಲ್ಲ.

ಇದೆಲ್ಲ ಶುರುವಾದದ್ದು ಡೆಬೊರಾಳ ಕಿವಿಯಿಂದ. ಡೆಬೊರಾ ನನ್ನ ತಂಗಿಯ ಮಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಇಲ್ಲಿ ಗಲ್ಫಿನಲ್ಲಿ, ಖುಸೈಸ್‌ನ ನಮ್ಮ ಫ್ಲ್ಯಾಟಿನಲ್ಲೇ ವಾಸ. ಚಳಿಗಾಲದ ಪ್ರತಿ ಭಾನುವಾರ ಕಡಲಿಗಿಳಿದು ಸಿಂಬಳದ ಹುಳಗಳ ಫೋಟೋ ತೆಗೆಯುವುದು ಅವಳ ಹುಚ್ಚು. ಚಿನ್ನದ ಅಂಗಡಿ ಇರುವ ಊರಿನಲ್ಲಿ ಹುಡುಗಿಗೆ ಸಿಂಬಳದ ಹುಳ! ಕಳೆದ ಮಾರ್ಚಿನಲ್ಲಿ, ಜುಮೇರಾದಿಂದ ಬೋಟಿನಲ್ಲಿ ಅರ್ಧ ಗಂಟೆ ದೂರದ, ನೀರಿನಡಿಯ ಕಲ್ಲುಗುಡ್ಡೆಯ ಹತ್ತಿರ, ಯಾರೋ ಬಿಟ್ಟುಹೋದ ಲಂಗರಿನ ಸರಪಳಿಯ ಮೇಲೆ ಅವಳಿಗೆ ಒಂದು ಹುಳ ಕಂಡಿತು. ಬಿಳಿ ಮೈ, ಬೆನ್ನ ತುಂಬ ಕಿತ್ತಳೆ ತುದಿಯ ಎಳೆಗಳು, ಎರಡು ಕೊಂಬುಗಳ ನಡುವೆ ಒಂದು ನೇರಳೆ ಗೆರೆ. ಯಾವ ಪುಸ್ತಕದಲ್ಲೂ ಇಲ್ಲ. ಈ ಕೊಲ್ಲಿಯ ಹುಳಗಳ ಪಟ್ಟಿ ಮಾಡುತ್ತಿರುವ ಆಸ್ಟ್ರೇಲಿಯಾದ ವಿದ್ವಾಂಸೆಯೊಬ್ಬರಿಗೆ ಕಳಿಸಿದಳು. "ಒಂದೇ ಫೋಟೋ, ಅದೂ ಮಸುಕು. ಬರುವ ಮಾರ್ಚ್ 31ರೊಳಗೆ ಇನ್ನೊಂದು ಸಿಕ್ಕಿದರೆ ಪಟ್ಟಿಗೆ ಸೇರಿಸುತ್ತೇನೆ" ಎಂದು ಅವರ ಉತ್ತರ.

ಅಷ್ಟರಲ್ಲಿ ಇವಳ ಕಿವಿಯ ತಮಟೆ ಹರಿದು ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಒಂದು ವರ್ಷ ನೀರಿಗಿಳಿಯುವಂತಿಲ್ಲ. ಹುಡುಗಿ ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು ಗೋಡೆ ನೋಡುತ್ತಾ ಕುಳಿತಳು.

"ಎಂತ ಅಳುದು ಬಾಯೆ? ನಿನ್ನ ಮಾಮ್ ನಾನಿಲ್ವಾ?" ಅಂದೆ. ಅಂದದ್ದೇ ತಪ್ಪಾಯಿತು.

ಡೈವಿಂಗ್ ಅಂಗಡಿಯ ಸಾಲಿಮ್ ಭಟ್ಕಳದವ. ಸಿಲಿಂಡರಿಗೆ ಗಾಳಿ ತುಂಬುವ ಅವನ ಕಂಪ್ರೆಸರನ್ನು ಹನ್ನೊಂದು ವರ್ಷದಿಂದ ರಾಸ್ ಅಲ್ ಖೋರ್‌ನ ನಮ್ಮ ವರ್ಕ್‌ಶಾಪಿನಲ್ಲಿ ರಿಪೇರಿ ಮಾಡುವವ ನಾನು. "ಇಷ್ಟು ದಿನ ಬೇರೆಯವರಿಗೆ ಗಾಳಿ ಹಾಕ್ತಿದ್ರಿ, ಈಗ ನೀವೇ ಹೋಗ್ತೀರಾ ಕ್ಯಾಮಿಲ್ ಭಾಯ್?" ಎಂದು ಹೊಟ್ಟೆ ಹಿಡಿದು ನಕ್ಕ. ನಕ್ಕರೂ ನವೆಂಬರ್ ಪೂರ್ತಿ ಕಲಿಸಿದ.

ಇಂದು ಆಳ ಎಂಟು ಮೀಟರ್. ಸರಪಳಿ ಸಿಕ್ಕಿತು, ಹುಳ ಸಿಗಲಿಲ್ಲ. ಹೊಸಬರನ್ನು ಕಂಡು ನಾಚಿಕೊಂಡಿರಬೇಕು.

ಡಿಸೆಂಬರ್ 10, ಮಂಗಳವಾರ

ಊಟವಾದ ಮೇಲೆ ಡೆಬೊರಾ ಲ್ಯಾಪ್‌ಟಾಪ್ ತೆರೆದು ನನಗೆ ಪಾಠ ಮಾಡಿದಳು.

"ಫಸ್ಟ್ ಆಫ್ ಆಲ್, ಸಿಂಬಳದ ಹುಳ ಅನ್ಬೇಡಿ ಮಾಮ್, ಪ್ಲೀಸ್. ಡೈವರ್ಸ್ ಎಲ್ಲ ನುಡಿ ಅಂತಾರೆ."

"ಎಂತ ಅಂತಾರೆ?"

"ನುಡಿ. ಫುಲ್ ನೇಮ್ ನುಡಿಬ್ರಾಂಕ್. ಶಾರ್ಟಾಗಿ ನುಡಿ."

ನಾನು ನಕ್ಕು ನಕ್ಕು ಕೆಮ್ಮಿದೆ. ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿಗೆ ನುಡಿ ಅಂದರೆ ಮಾತು ಅಂತ ಗೊತ್ತೇ ಇಲ್ಲ. ಏಳನೇ ಕ್ಲಾಸಿನ ತನಕ ಕನ್ನಡ ಶಾಲೆಯಲ್ಲಿ ಓದಿದ ನಾನು ಬಿಡಿಸಿ ಹೇಳಿದೆ. ನನ್ನ ಹೆಂಡತಿ ಮಗ್ದಲೀನ್ ಅಡಿಗೆಮನೆಯಿಂದಲೇ ಕೇಳಿದಳು: "ಅಂದ್ರೆ ಇವರು ಸಮುದ್ರದ ಅಡಿಗೆ ಹೋಗುದು ಮಾತು ಹುಡುಕ್ಲಿಕ್ಕಾ? ಮನೆಯಲ್ಲಿ ಇರುದು ಸಾಲುದಿಲ್ವಾ?"

ಪಾಠದ ಸಾರ: ಸರಪಳಿಯ ಮೇಲೆ ಕಂದು ಬಣ್ಣದ ಜುಂಗು ಬೆಳೆದಿರುತ್ತದೆ, ಅದರೊಳಗೆ ನೋಡಬೇಕು. ಉದ್ದ ಆರು ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟು. ನೀರು ಬೆಚ್ಚಗಾದರೆ ಮಾಯ, ಆದ್ದರಿಂದ ಮಾರ್ಚಿನೊಳಗೇ ಸಿಗಬೇಕು. ಮತ್ತೆ ಏನನ್ನೂ ಮುಟ್ಟಬಾರದು. ಇದನ್ನು ಮೂರು ಸಲ ಹೇಳಿದಳು. ನಾನೇನು ಮಗುವೇ?

ಡಿಸೆಂಬರ್ 22, ಭಾನುವಾರ

ಮೂರನೇ ಮುಳುಗು. ನೀರು ಇಪ್ಪತ್ತೊಂದು ಡಿಗ್ರಿ. ನಲವತ್ತು ನಿಮಿಷ ಸರಪಳಿಗೆ ಮುಖವಿಟ್ಟು ನೋಡಿದೆ. ಎಲ್ಲ ಕಂದು, ಎಲ್ಲ ಮಸುಕು. ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ? ಬಾಗಿಲಲ್ಲೇ ಹೇಳಿಬಿಟ್ಟೆ, "ಮೂರು ಕಂಡೆ!"

ಡೆಬೊರಾ ಹಾರಿ ಎದ್ದಳು. "ಯಾವ ಕಲರ್?"

"ಮೂರೂ ಬೇರೆ ಬೇರೆ."

"ನಮ್ಮದು?"

"ನಮ್ಮದೂ ಇತ್ತು ಅಂತ ಕಾಣ್ತದೆ."

"ಫೋಟೋ ಎಲ್ಲಿ?"

"ತೆಗೀಬೇಕು ಅನ್ನುವಷ್ಟರಲ್ಲಿ ಓಡಿ ಹೋಯ್ತು."

ಅವಳು ಹಾಗೇ ಕುಳಿತುಬಿಟ್ಟಳು. "ಮಾಮ್. ಅದು ಒಂದು ಗಂಟೆಗೆ ಒಂದು ಅಡಿ ಹೋಗುವ ಪ್ರಾಣಿ. ಓಡಿ ಹೋಯ್ತಾ?"

ಮಗ್ದಲೀನ್ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಔಷಧದ ಚೀಟಿ ಓದ್ಲಿಕ್ಕೆ ಕನ್ನಡಕ ಬೇಕು ಇವರಿಗೆ. ಕಡಲಲ್ಲಿ ಅಕ್ಕಿಕಾಳು ಕಾಣ್ತದಾ?" ಡೆಬೊರಾ ನಗಲಿಕ್ಕೆ ಶುರು ಮಾಡಿದಳು. ಆಪರೇಷನ್ ಆದಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಅಂದರೆ ನಾನು ಹೇಳಿದ ಸುಳ್ಳಿನಿಂದ ಲಾಭವೇ ಆಯಿತು.

ಸಾಲಿಮ್‌ಗೆ ಫೋನ್ ಮಾಡಿದೆ. ಮಾಸ್ಕಿನ ಗಾಜಿಗೆ ಒಳಗಿನಿಂದ ಅಂಟಿಸುವ ಪವರ್ ಲೆನ್ಸ್ ಇದೆಯಂತೆ. ಎರಡೂವರೆ ನಂಬರ್.

ಡಿಸೆಂಬರ್ 29, ಭಾನುವಾರ

ಕಂಡೆ. ನಿಜವಾಗಿ ಕಂಡೆ. ದೇವರಾಣೆ.

ಪವರ್ ಲೆನ್ಸಿನಿಂದ ಮೊದಲಿಗೆ ತಲೆ ತಿರುಗಿತು. ಇಷ್ಟು ದಿನ ಒದ್ದೆ ಗೋಣಿಯಂತೆ ಕಾಣುತ್ತಿದ್ದ ಸರಪಳಿ ಕಾಡಾಗಿ ಎದ್ದು ನಿಂತಿತು. ಒಂದೊಂದು ಎಳೆಗೂ ಕೊಂಬೆ, ಕೊಂಬೆಗೆ ಕೊಂಬೆ. ನಾಲ್ಕನೇ ಕೊಂಡಿಯ ಒಳಬದಿಯಲ್ಲಿ ಬಿಳಿ ನೂಲಿನ ತುಂಡು ಸಿಕ್ಕಿಕೊಂಡಿತ್ತು. ಯಾರ ಬಟ್ಟೆಯ ನೂಲು ಅಂದುಕೊಳ್ಳುವಷ್ಟರಲ್ಲಿ ಆ ನೂಲು ಎರಡು ಕೊಂಬು ಎತ್ತಿತು.

ಅದರ ಬೆನ್ನ ಮೇಲಿನ ಎಳೆಗಳು ನೀರಿನ ಸೆಳೆತಕ್ಕೆ ಒಟ್ಟಿಗೆ ಎಡಕ್ಕೆ ಒರಗಿ, ಒಟ್ಟಿಗೆ ಬಲಕ್ಕೆ ಒರಗಿ, ತುದಿಯ ಕಿತ್ತಳೆ ಬಣ್ಣ ಕೆಂಡದ ಕಿಡಿಯಂತೆ ಮಿನುಗುತ್ತಿತ್ತು. ತಲೆಯನ್ನು ಅತ್ತ ಇತ್ತ ಇಟ್ಟು, ಕತ್ತಲೆ ಕೋಣೆಯಲ್ಲಿ ಸ್ವಿಚ್ ಹುಡುಕುವವರ ಹಾಗೆ ತಡವಿ, ಆಮೇಲೆ ಒಂದು ಹೆಜ್ಜೆ. ಹೆಜ್ಜೆ ಅನ್ನಬಹುದೇ? ಕಾಲಿಲ್ಲ. ಕಾಲಿಲ್ಲದೆ ಹೇಗೆ ಹತ್ತುತ್ತದೆ? ಕಣ್ಣಿದೆಯೇ? ನಾನು ಟಾರ್ಚ್ ಹಿಡಿದರೂ ಅದಕ್ಕೆ ಏನೂ ಅನಿಸಲಿಲ್ಲ. ಇಷ್ಟು ದೊಡ್ಡ ಮನುಷ್ಯ ಒಂದು ಗೇಣು ದೂರದಲ್ಲಿ ಗುಳುಗುಳು ಗುಳ್ಳೆ ಬಿಡುತ್ತಿದ್ದರೂ ಅದಕ್ಕೆ ಅದರದ್ದೇ ಕೆಲಸ. ನನ್ನನ್ನು ಇಷ್ಟು ಲೆಕ್ಕಕ್ಕಿಲ್ಲದಂತೆ ಮಾಡಿದವರು ಮಗ್ದಲೀನ್ ಬಿಟ್ಟರೆ ಇದೇ.

ಸಾಲಿಮ್ ಬಂದು ಗಾಳಿಯ ಮೀಟರ್ ತಟ್ಟಿದಾಗಲೇ ಕ್ಯಾಮೆರಾ ನೆನಪಾದದ್ದು. ಐದು ಫೋಟೋ ತೆಗೆದೆ. ಐದರಲ್ಲೂ ಮುಂದಿನ ಜುಂಗು ಸ್ಪಷ್ಟ, ಹಿಂದೆ ಹುಳ ಒಂದು ಮೋಡ. ಡೆಬೊರಾ ಮೋಡವನ್ನೇ ದೊಡ್ಡದು ಮಾಡಿ ಮಾಡಿ ನೋಡಿದಳು. "ಇದೇ ಮಾಮ್! ಇನ್ನೂ ಅಲ್ಲೇ ಉಂಟು!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. "ಬಟ್ ಇದು ಕಳಿಸ್ಲಿಕ್ಕಾಗುದಿಲ್ಲ. ಕ್ಯಾಮೆರಾ ಹೈಡ್ರಾ..." ಎಂದು ಏನೋ ಹೇಳುತ್ತಿದ್ದಳು, ಮಗ್ದಲೀನ್ ಊಟಕ್ಕೆ ಕರೆದಳು.

ತೊಂದರೆ ನನಗೆ ತಿಳಿಯಿತು. ಜುಂಗು ಅಡ್ಡ ಬರುತ್ತಿದೆ.

2025 ಜನವರಿ 5, ಭಾನುವಾರ

ಶಮಾಲ್, ಅಂದರೆ ಇಲ್ಲಿಯ ಬಿರುಗಾಳಿ. ಬೋಟು ಹೊರಡಲಿಲ್ಲ. ಮನೆಯಲ್ಲಿ ಕುಳಿತು ಯೋಚಿಸಿದೆ. ಊರಿನ ಸ್ಟುಡಿಯೋದಲ್ಲಿ ಫೋಟೋ ತೆಗೆಯುವಾಗ ಮೊದಲು ಮುಖ ತೊಳೆದು ಬಾ ಅನ್ನುತ್ತಿದ್ದರು. ಆಮೇಲೆ ಹಿಂದೆ ಪರದೆ ಬಿಡುತ್ತಿದ್ದರು. ಗಿಡಗಂಟಿಯ ಮಧ್ಯೆ ನಿಲ್ಲಿಸಿ ಯಾರೂ ಫೋಟೋ ತೆಗೆಯುತ್ತಿರಲಿಲ್ಲ. ಇಷ್ಟೆಲ್ಲ ಓದಿದವರಿಗೆ ಇದು ಹೊಳೆದಿಲ್ಲವಲ್ಲ!

ಜನವರಿ 12, ಭಾನುವಾರ

ಇಂದಿನ ಕೆಲಸವನ್ನು ಯಾರಾದರೂ ನೋಡಬೇಕಿತ್ತು.

ವರ್ಕ್‌ಶಾಪಿನ ತಂತಿ ಬ್ರಶ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಇಳಿದೆ. ಸಾಲಿಮ್ ಹತ್ತು ಮಾರು ದೂರದಲ್ಲಿ ಇಬ್ಬರು ರಷ್ಯನ್ನರಿಗೆ ಏಡಿ ತೋರಿಸುತ್ತಿದ್ದ. ಮೊದಲು ಚೆನ್ನಾಗಿ ನೋಡಿದೆ, ಹುಳ ಕಾಣಲಿಲ್ಲ. ಹುಳವನ್ನು ಮುಟ್ಟಬಾರದು, ಸರಿ. ಆದರೆ ಪಾಚಿ ಹುಳವಲ್ಲವಲ್ಲ. ಕೈಗವಸು ತೆಗೆದು, ಮೂವತ್ತು ವರ್ಷದ ಕೈಚಳಕದಲ್ಲಿ, ಎರಡು ಮಾರು ಉದ್ದದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತಿಕ್ಕಿ ಎಬ್ಬಿಸಿದೆ. ಕಬ್ಬಿಣ ಹೊಳೆಯಿತು. ಕಪ್ಪು ಪರದೆಯ ಹಾಗೆ. ಬರುವ ವಾರ ಆ ಬಿಳಿ ಹುಳ ಇದರ ಮೇಲೆ ಹತ್ತಿ ಕುಳಿತರೆ ಪಾಸ್‌ಪೋರ್ಟ್ ಫೋಟೋ ಇದ್ದ ಹಾಗೆ ಬರುತ್ತದೆ.

ಡೆಬೊರಾಳಿಗೆ ಹೇಳಲಿಲ್ಲ. ಫೋಟೋ ಸಮೇತ ಹೇಳಿ ಬಾಯಿ ಮುಚ್ಚಿಸುತ್ತೇನೆ. "ಇಂದು ಸಿಗಲಿಲ್ಲ, ಬರುವ ವಾರ ನೋಡು" ಎಂದಷ್ಟೇ ಹೇಳಿದೆ.

ಮಣಿಕಟ್ಟು ಯಾಕೋ ಚುರುಚುರು ಅನ್ನುತ್ತಿದೆ.

ಜನವರಿ 14, ಮಂಗಳವಾರ

ಎರಡೂ ಕೈಗೆ ಕೆಂಪು ದದ್ದು, ಬೆಂಕಿಯಂಥ ತುರಿಕೆ. "ಇದೆಂಥದು ಮಾಮ್?" ಎಂದು ಡೆಬೊರಾ ಹಿಡಿದು ನೋಡಿದಳು. ಕಂಪ್ರೆಸರ್ ಆಯಿಲ್ ತಾಗಿದೆ ಅಂದೆ. ಹಾಗೆ ಯಾಕೆ ಅಂದೆನೋ ಗೊತ್ತಿಲ್ಲ. ಆಸ್ಪತ್ರೆಯಿಂದ ಕ್ರೀಮ್ ತಂದು ತಾನೇ ಹಚ್ಚಿದಳು. ಊದಿ ಊದಿ ಹಚ್ಚಿದಳು, ಸಣ್ಣ ಮಕ್ಕಳಿಗೆ ಹಚ್ಚುವ ಹಾಗೆ.

ಜನವರಿ 19, ಭಾನುವಾರ

ಹುಳ ಇಲ್ಲ. ಏನೂ ಇಲ್ಲ. ಸಣ್ಣ ಸಿಗಡಿಗಳೂ ಇಲ್ಲ. ಹೊಳೆಯುತ್ತಿದ್ದ ಕಬ್ಬಿಣಕ್ಕೆ ತುಕ್ಕು ಬಂದಿದೆ. ಆದರೂ ಪೂರ್ತಿ ಸರಪಳಿಯ ಒಂದು ಫೋಟೋ ತೆಗೆದೆ, ಕೆಲಸ ತೋರಿಸೋಣವೆಂದು.

ಡೆಬೊರಾ ಅದನ್ನು ದೊಡ್ಡದು ಮಾಡಿ ನೋಡಿದಳು.

"ಇದು ಯಾವ ಸರಪಳಿ ಮಾಮ್?"

"ನಮ್ಮದೇ."

"ಹೈಡ್ರಾಯಿಡ್ಸ್ ಎಲ್ಲಿ ಹೋಯ್ತು?"

"ಎಂತದು?"

"ಆ ಕಂದು ಜುಂಗು. ಅದು ಪಾಚಿ ಅಲ್ಲ ಮಾಮ್, ಜೀವಿಗಳು. ಒಂದೊಂದು ಎಳೆಯಲ್ಲಿ ನೂರಾರು. ನುಡಿ ತಿನ್ನುದು ಅದನ್ನೇ, ಮನೆ ಅದೇ, ಮೊಟ್ಟೆ ಇಡುದೂ ಅದರಲ್ಲೇ. ಅದಿಲ್ಲದಿದ್ರೆ ನುಡಿ ಬರುದೇ ಇಲ್ಲ." ಅವಳ ಧ್ವನಿ ಸಣ್ಣದಾಯಿತು. "ಇಷ್ಟೂ ಹೇಗೆ ಹೋಯ್ತು?"

ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. "ಗಾಳಿ ಬಾಯೆ. ಐದನೇ ತಾರೀಕಿನ ಶಮಾಲ್. ಎಂಥಾ ಗಾಳಿ, ಬೋಟೇ ಹೋಗ್ಲಿಲ್ಲ ಅಲ್ವಾ?"

"ಹೌದು," ಅಂದಳು. "ಆಗಿರ್ಬಹುದು." ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ, ಇವಳು ಬರೆದುಕೊಂಡಳು.

ಜನವರಿ 21, ಮಂಗಳವಾರ

ಹನ್ನೆರಡನೇ ತಾರೀಕಿನ ಪುಟ ಓದಿದೆ. ಅದನ್ನು ಬರೆದವ ಬಹಳ ಖುಷಿಯಲ್ಲಿದ್ದಾನೆ. ಹರಿದುಹಾಕೋಣ ಅನಿಸಿತು. ಆ ಹಾಳೆಯ ಇನ್ನೊಂದು ಬದಿಯಲ್ಲಿ ಹುಳ ಕಂಡ ದಿನದ್ದು ಇದೆ. ಬಿಟ್ಟೆ.

ಫೆಬ್ರವರಿ 2, ಭಾನುವಾರ

ವರ್ಕ್‌ಶಾಪಿನ ಸಣ್ಣ ಸ್ಟೀಲ್ ಸ್ಕೇಲ್ ತೆಗೆದುಕೊಂಡು ಹೋಗಿದ್ದೆ. ಮುಟ್ಟಿಸದೆ, ಪಕ್ಕದಲ್ಲಿ ಹಿಡಿದು ನೋಡಬಹುದು.

ಹೊಸ ಜುಂಗು ಬಂದಿದೆ! ಮೇಲಿನ ಕೊಂಡಿಗಳಲ್ಲಿ ಇಲ್ಲವೇ ಇಲ್ಲ ಅನ್ನಬೇಕು. ಕೆಳಗಿನ ಮೂರರಲ್ಲಿ, ನೆರಳಿನ ಬದಿಗೆ, ಎರಡು ಮಿಲಿಮೀಟರ್. ಮೇಲೆ ಯಾಕಿಲ್ಲ? ಬಿಸಿಲಿಗೋ? ನೀರಿನ ಎಳೆತಕ್ಕೋ? ಬೀಜ ಎಲ್ಲಿಂದ ಬಂತು? ಬೀಜ ಅನ್ನಬಾರದು, ಜೀವಿಗಳಲ್ಲವೇ.

ಸರಪಳಿಗೆ ಇನ್ನಷ್ಟು ಹತ್ತಿರ ಹೋದೆ. ಪ್ರತಿ ಎಳೆಯ ತುದಿಗೆ ಒಂದೊಂದು ಹೂವು, ಹೂವಿಗೆ ಬೆರಳುಗಳು. ನೀರಿನಲ್ಲಿ ಧೂಳಿನಂಥದ್ದೇನೋ ತೇಲಿಬಂದರೆ ಬೆರಳು ಮುಚ್ಚಿ ಒಳಗೆಳೆದುಕೊಳ್ಳುತ್ತದೆ. ಮುಚ್ಚಿದ್ದು ಮತ್ತೆ ತೆರೆಯಲು ಎಷ್ಟು ಹೊತ್ತು ಎಂದು ಎಣಿಸಿದೆ. ಒಂದಕ್ಕೆ ನಲವತ್ತು ಎಣಿಕೆ, ಪಕ್ಕದ್ದಕ್ಕೆ ತೊಂಬತ್ತು. ಒಂದೇ ಕೊಂಬೆಯಲ್ಲಿದ್ದು ಯಾಕೆ ಈ ವ್ಯತ್ಯಾಸ? ಮುಟ್ಟಿದರೆ ಚುಚ್ಚುವುದೂ ಈ ಬೆರಳೇ ಇರಬೇಕು. ನನ್ನ ಕೈಗೆ ಗೊತ್ತು.

ಬೋಟಿನಲ್ಲಿ ಸಾಲಿಮ್ ಕೇಳಿದ, "ನಲವತ್ತೈದು ಮಿನಿಟು ಒಂದೇ ಸರಪಳಿ ನೋಡಿದ್ರಲ್ಲ ಭಾಯ್, ಮದುವೆ ಆಗ್ತೀರಾ ಅದನ್ನ?"

ಫೆಬ್ರವರಿ 16, ಭಾನುವಾರ

ಕೆಳಗೆ ಐದು ಮಿಲಿಮೀಟರ್, ನಡುವೆ ಮೂರು, ಮೇಲೆ ಒಂದು. ಹೋದ ವಾರ ಮೂರು, ಒಂದೂವರೆ, ಸೊನ್ನೆ ಇತ್ತು. ಗಾಜಿನಂಥ ಒಂದು ಸಿಗಡಿ ವಾಪಸ್ ಬಂದಿದೆ. ಅದರ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ, ಪಾಪ, ಅದಕ್ಕೆ ಏನನ್ನೂ ಮುಚ್ಚಿಡಲಾಗದು.

ಸಂಜೆ ಇದನ್ನೆಲ್ಲ ಹೇಳಿದಾಗ ಡೆಬೊರಾ ಕಣ್ಣರಳಿಸಿ ಕೇಳಿ ಬರೆದುಕೊಂಡಳು. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿದಳು.

"ಪ್ರೊಫೆಸರಿಗೆ ಒಂದು ನೋಟ್ ಬರ್ದಿದ್ದೇನೆ. ನಮ್ಮ ನುಡಿ ಯಾಕೆ ಇಷ್ಟು ರೇರ್ ಅಂತ. ಶಮಾಲ್ ಬಂದ್ರೆ ಹೈಡ್ರಾಯಿಡ್ಸ್ ಎಲ್ಲ ಕಿತ್ತು ಹೋಗ್ತದೆ, ಅದಕ್ಕೇ ನುಡಿ ಉಳಿಯುದಿಲ್ಲ. ಅವರಿಗೆ ತುಂಬಾ ಇಂಟರೆಸ್ಟ್ ಬಂದಿದೆ ಮಾಮ್! ಪಟ್ಟಿಯ ಜೊತೆಗೇ ಹಾಕ್ತಾರಂತೆ. ನೋಡಿ, ನಿಮ್ಮ ಹೆಸರೂ ಉಂಟು."

ನೋಡಿದೆ. ಇಂಗ್ಲಿಷಿನಲ್ಲಿ, ಅವಳ ಹೆಸರಿನ ಕೆಳಗೆ. ಕಣ್ಣಾರೆ ಕಂಡವರು: ಸಿ. ಡಿಸೋಜ.

"ಯಾವಾಗ ಕಳಿಸುದು?"

"ಸೋಮವಾರದ ಒಳಗೆ. ನೆಕ್ಸ್ಟ್ ವೀಕ್."

ನನ್ನ ಹೆಸರು ಅಚ್ಚಿನಲ್ಲಿ ಬರಬೇಕೆಂದು ಎಷ್ಟು ಆಸೆ ಇತ್ತು ನನಗೆ. ರಾತ್ರಿ ಮೀನಿನ ಸಾರು ರುಚಿಸಲಿಲ್ಲ. ಉಪ್ಪು ಕಡಿಮೆಯೇ ಎಂದು ಕೇಳಿದ್ದಕ್ಕೆ ಮಗ್ದಲೀನ್ ನನ್ನ ಹಣೆ ಮುಟ್ಟಿ ನೋಡಿದಳು.

ಫೆಬ್ರವರಿ 22, ಶನಿವಾರ

ತಪಸ್ಸುಕಾಲ ಬರುತ್ತಿದೆ, ಪಾಪನಿವೇದನೆ ಮಾಡಿ ಬನ್ನಿ ಎಂದು ಮಗ್ದಲೀನ್ ಇಗರ್ಜಿಗೆ ಎಳೆದುಕೊಂಡು ಹೋದಳು. ಫಾದರಿಗೆ ಇಂಗ್ಲಿಷ್ ಮಾತ್ರ ಬರುತ್ತದೆ. ಸಿಟ್ಟು, ಬೈಗುಳ, ತಪ್ಪಿಸಿದ ಪೂಜೆ, ಎಲ್ಲ ಹೇಳಿದೆ. ಆಮೇಲೆ ಇದಕ್ಕೆ ನನ್ನ ಇಂಗ್ಲಿಷ್ ಸಾಲಲಿಲ್ಲ.

"ಫಾದರ್, ಐ ಬ್ರಶ್ಡ್ ಒನ್ ಅನಿಮಲ್ ಹೌಸ್."

ಅವರು ಯಾವ ಪ್ರಾಣಿ ಎಂದರು. ಸ್ಮಾಲ್ ಅಂದೆ. ಯಾರದು ಎಂದರು. ತಂಗಿಯ ಮಗಳದ್ದು ಅಂದೆ. ಮನೆ ಸ್ವಚ್ಛ ಮಾಡುವುದು ಪಾಪವಲ್ಲವಲ್ಲ ಮಗನೇ ಎಂದರು. ನೋ ಫಾದರ್, ಆಮೇಲೆ ಗಾಳಿ ಮಾಡಿತು ಅಂತ ಸುಳ್ಳು ಹೇಳಿದೆ ಅಂದೆ. ಸಣ್ಣ ಸುಳ್ಳಿಗೆಂದು ಮೂರು ನಮಾನ್ ಮರಿಯೆ ಜಪ ಹೇಳಲು ಹೇಳಿ ಕ್ಷಮಿಸಿಬಿಟ್ಟರು.

ಮೊಣಕಾಲೂರಿ ಮೂರು ಹೇಳಿದೆ. ಎರಡು ನಿಮಿಷವೂ ಆಗಲಿಲ್ಲ. ಇದು ಮೂರಕ್ಕೆ ಮುಗಿಯುವಂಥದ್ದಲ್ಲ ಎನಿಸಿ ಇನ್ನೂ ಹತ್ತು ಹೇಳಿದೆ. ಹತ್ತಕ್ಕೂ ಮುಗಿಯಲಿಲ್ಲ.

ಫೆಬ್ರವರಿ 23, ಭಾನುವಾರ

ಡೆಬೊರಾ ಇಂದು ಬೋಟಿನಲ್ಲಿ ಕುಳಿತಿರಲು ಬಂದಿದ್ದಳು. ಕಿವಿಗೆ ಹತ್ತಿ ಇಟ್ಟು, ಮೇಲೆ ಟೊಪ್ಪಿ. ನಾನು ಮೇಲೆ ಬಂದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಆ ಟೊಪ್ಪಿ. ಕೆಳಗೆ ಆರೂವರೆ, ನಡುವೆ ನಾಲ್ಕೂವರೆ, ಮೇಲೆ ಎರಡು.

ಬರುವಾಗ ಅವಳೇ ಕಾರು ಓಡಿಸಿದಳು. ಪೆಟ್ರೋಲ್ ಪಂಪಿನ ಹತ್ತಿರ ಕರಕ್ ಚಹಾಕ್ಕೆ ನಿಲ್ಲಿಸಿದಳು. ಕಾರಿನೊಳಗೇ ಕುಡಿದೆವು.

"ನಾಳೆ ನೋಟ್ ಕಳಿಸ್ತೇನೆ ಮಾಮ್."

"ಗಾಳಿ ಅಲ್ಲ ಅದು."

"ಏನು?"

"ಗಾಳಿ ಅಲ್ಲ. ನಾನು. ವೈರ್ ಬ್ರಶ್ ತಗೊಂಡು ಹೋಗಿ ತಿಕ್ಕಿದ್ದು. ಹನ್ನೆರಡನೇ ತಾರೀಕು. ಫೋಟೋ ಚಂದ ಬರ್ಲಿ ಅಂತ."

ಅವಳು ಚಹಾದ ಲೋಟವನ್ನು ನೋಡುತ್ತಿದ್ದಳು.

"ವೈರ್ ಬ್ರಶ್?"

"ಹೌದು."

"ನನ್ನ ನುಡಿಯ ಮೇಲೆ?"

"ಅದು ಆಗ ಇರ್ಲಿಲ್ಲ. ನೋಡಿಯೇ ತಿಕ್ಕಿದ್ದು. ಕಾಣಿಸ್ಲಿಲ್ಲ."

"ಕಾಣಿಸ್ಲಿಲ್ಲ ಅಂದ್ರೆ ಇರ್ಲಿಲ್ಲ ಅಂತ ಅಲ್ಲ ಮಾಮ್."

ನಾನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ.

ಅವಳು ಅತ್ತ ನೋಡಿ, "ಆ ಕೈ! ಹೈಡ್ರಾಯಿಡ್ ಸ್ಟಿಂಗ್ ಅದು. ನಾನೇ ಕ್ರೀಮ್ ಹಚ್ಚಿದ್ದೆ ಮಾಮ್, ನಾನೇ!" ಎಂದು ಸ್ಟೇರಿಂಗಿಗೆ ಹೊಡೆದಳು. ಹಾರ್ನ್ ಆಗಿ ಚಹಾ ಕೊಡುವವ ಓಡಿಬಂದ. ಮಾಫಿ, ಮಾಫಿ, ಏನೂ ಬೇಡ ಎಂದು ಅವನನ್ನು ಕಳಿಸಿದೆ.

"ನೀವು ಸುಳ್ಳು ಹೇಳ್ತೀರಿ ಅಂತ ಎಲ್ಲರಿಗೂ ಗೊತ್ತುಂಟು. ಮೂರು ನಿಮಿಷ ಉಸಿರು ಕಟ್ತೇನೆ ಅಂತೀರಿ, ನಾವು ನಗ್ತೇವೆ. ಖಲಾಸ್. ಇದು ನಾನು ಬರ್ದು ಕಳಿಸುದು. ಮುಂದೆ ಯಾರೋ ಒಬ್ಬರು ಇದನ್ನ ಓದಿ ನಂಬ್ತಾರೆ."

ಲೋಟ ಬಿಸಾಡಿ ಮನೆಗೆ ಕಾರು ಬಿಟ್ಟಳು. ಬಾಗಿಲಲ್ಲಿ ಮಗ್ದಲೀನ್ ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು. ಡೆಬೊರಾ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು. "ಏನು ಮಾಡಿದ್ರಿ, ಕನ್ನಡದಲ್ಲಿ ಬರೀರಿ. ನಂಗೆ ಓದಿ ಹೇಳಿ. ನಾನು ಇಂಗ್ಲಿಷ್ ಮಾಡ್ತೇನೆ."

ಬರೆದೆ. ಐದು ಸಾಲಾಯಿತು. ಗಾಳಿಯ ನೋಟನ್ನು ಅವಳು ನನ್ನ ಎದುರೇ ಅಳಿಸಿದಳು.

ಫೆಬ್ರವರಿ 27, ಗುರುವಾರ

ಆಸ್ಟ್ರೇಲಿಯಾದಿಂದ ಉತ್ತರ.

"ಬೈದಿದ್ದಾರಾ?" ಎಂದೆ.

"ಇಲ್ಲ. ಪ್ರಶ್ನೆ ಕೇಳಿದ್ದಾರೆ." ನಾಲ್ಕು ದಿನದಲ್ಲಿ ಡೆಬೊರಾ ನನ್ನೊಡನೆ ಆಡಿದ ಮೊದಲ ಪೂರ್ತಿ ವಾಕ್ಯ ಇದು. ಯಾವ ತಾರೀಕು, ಎಷ್ಟು ಉದ್ದ ತಿಕ್ಕಿದ್ದು, ಕಬ್ಬಿಣ ಕಾಣುವ ತನಕವೋ, ಆಮೇಲೆ ಯಾವ ವಾರ ಎಷ್ಟು ಬೆಳೆಯಿತು. ಬೈದಿದ್ದರೆ ಸುಲಭವಿತ್ತು.

ಎಷ್ಟು ಉದ್ದ? ಈ ಡೈರಿಯಲ್ಲಿ ಎರಡು ಮಾರು ಅಂತ ಇದೆ. ನೀರಿನಡಿ ಸ್ಕೇಲಿನಲ್ಲಿ ಅಳೆದಿದ್ದ ಕೊಂಡಿಯಿಂದ ಲೆಕ್ಕ ಹಾಕಿದರೆ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್. ಹಾಗೇ ಹೇಳಿದೆ. ಅಳತೆಯ ಪಟ್ಟಿಯನ್ನೆಲ್ಲ ಓದಿದೆ. ಅವಳು ಟೈಪ್ ಮಾಡುತ್ತಾ ಹೋದಳು. "ಜನವರಿ ಇಪ್ಪತ್ತಾರನೇ ತಾರೀಕಿನದ್ದು?" "ಆ ದಿನ ನಾನು ನೀರಿಗೆ ಹೋಗ್ಲಿಲ್ಲ. ಖಾಲಿ ಬಿಡು." ಅವಳು ಒಮ್ಮೆ ನನ್ನ ಮುಖ ನೋಡಿ, ಖಾಲಿ ಬಿಟ್ಟಳು.

ಮಾರ್ಚ್ 9, ಭಾನುವಾರ

ರಮ್ಜಾನ್ ಉಪವಾಸ, ಸಾಲಿಮ್ ಬೋಟಿನಲ್ಲೇ ಉಳಿದ. ಅವನ ಅಂಗಡಿಯ ಫರಾಝ್ ಜೊತೆಗೆ ಬಂದ. ನೀರು ಇಪ್ಪತ್ತಮೂರು. ಕೆಳಗೆ ಒಂಬತ್ತು ಮಿಲಿಮೀಟರ್. ಸಿಗಡಿ ನಾಲ್ಕು. ನುಡಿ ಇಲ್ಲ.

ಮಾರ್ಚ್ 23, ಭಾನುವಾರ

ಪಟ್ಟಿ ಮುಗಿಯುವ ಮೊದಲಿನ ಕೊನೆಯ ಬೋಟು ಇದು. ಬರುವ ಭಾನುವಾರ ಈದ್ ಆಗಬಹುದೆಂದು ಅಂಗಡಿಗೆ ರಜೆ. ನೀರು ಇಪ್ಪತ್ತನಾಲ್ಕು ದಾಟಿದೆ, ಜುಂಗಿನ ತುದಿಗಳು ಅಲ್ಲಲ್ಲಿ ಬೋಳಾಗಿವೆ.

ಮೇಲಿನಿಂದ ಶುರು ಮಾಡಿದೆ. ಒಂದು ಕೊಂಡಿಗೆ ಮೂರು ನಿಮಿಷ. ಟಾರ್ಚನ್ನು ಓರೆಯಾಗಿ ಹಿಡಿದರೆ ನೆರಳಿನಿಂದ ಹೆಚ್ಚು ಕಾಣುತ್ತದೆ, ಇದು ಯಾರೂ ಹೇಳಿಕೊಟ್ಟದ್ದಲ್ಲ. ಕೆಳಗಿನಿಂದ ಮೂರನೇ ಕೊಂಡಿಯಲ್ಲಿ, ಎರಡು ಎಳೆಗಳ ನಡುವೆ, ಬಿಳಿ. ಉಸಿರು ನಿಧಾನ ಮಾಡಿದೆ. ಹುಳವಲ್ಲ. ಸುತ್ತಿ ಸುತ್ತಿ ಇಟ್ಟ ಬಿಳಿ ದಾರ, ಒಂದು ಪುಟ್ಟ ಸುರುಳಿ. ದಾರದೊಳಗೆ ಚುಕ್ಕಿಗಳು, ಸಾಲು ಸಾಲು, ಎಣಿಸಲಾಗದಷ್ಟು. ಪಕ್ಕದಲ್ಲಿ ಸ್ಕೇಲ್ ಹಿಡಿದು ಹದಿನಾಲ್ಕು ಫೋಟೋ ತೆಗೆದೆ. ಆಮೇಲೆ ಇಟ್ಟವರು ಹತ್ತಿರದಲ್ಲೇ ಇರಬಹುದೆಂದು ಗಾಳಿ ಇರುವಷ್ಟು ಹೊತ್ತು ಹುಡುಕಿದೆ. ಯಾರೂ ಕಾಣಲಿಲ್ಲ.

ಬೋಟಿನಲ್ಲಿ ಸಾಲಿಮ್ ಕ್ಯಾಮೆರಾ ನೋಡಿ ಕೂಗಿದ, "ಮಬ್ರೂಕ್! ಮೊಟ್ಟೆ! ನಿಮ್ಮ ಹುಳದ್ದೇ ಭಾಯ್ ಇದು. ಹಾಗೇ ಬರೀರಿ, ಯಾರಿಗೆ ಗೊತ್ತಾಗ್ತದೆ?"

ಮನೆಯಲ್ಲಿ ಡೆಬೊರಾ ಹದಿನಾಲ್ಕನ್ನೂ ನೋಡಿದಳು. ಒಂದೂ ಮಸುಕಿಲ್ಲ. ಅವಳ ಮುಖ ಅರಳಿತು, ಆಮೇಲೆ ನಿಧಾನವಾಗಿ ಇಳಿಯಿತು.

"ಮೊಟ್ಟೆ ನೋಡಿ ಯಾವ ನುಡಿ ಅಂತ ಹೇಳ್ಲಿಕ್ಕಾಗುದಿಲ್ಲ ಮಾಮ್. ಬಿಳಿ ಸುರುಳಿ ಇಡುವವು ತುಂಬಾ ಉಂಟು. ನಮ್ಮದು ಪಟ್ಟಿಗೆ ಬರುದಿಲ್ಲ."

"ಸಾರಿ ಬಾಯೆ," ಅಂದೆ. ಮಗ್ದಲೀನ್ ಬಂದು ಡೆಬೊರಾಳ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಹುಡುಗಿ ಮೂಗು ಒರೆಸಿಕೊಂಡು ಕುರ್ಚಿ ಸರಿಸಿ, ಪಕ್ಕದಲ್ಲಿ ನನಗೂ ಒಂದು ಎಳೆದಳು. "ಸರಪಳಿಯ ನೋಟ್ ಪ್ರೊಫೆಸರ್ ಹಾಕ್ತಾರೆ. ತಿಕ್ಕಿದ್ದು, ಮತ್ತೆ ಬೆಳೆದದ್ದು, ಎಲ್ಲ. ಲಾಸ್ಟ್ ಎಂಟ್ರಿ ಬಾಕಿ ಉಂಟು. ಹೇಳಿ, ನಾನು ಟೈಪ್ ಮಾಡ್ತೇನೆ."

ಹೇಳಿದೆ. ಅವಳು ಟೈಪ್ ಮಾಡಿ, "ಇಷ್ಟೇನಾ?" ಎಂದು ಕೇಳಿದಳು. ಇಷ್ಟೇ ಅಂದೆ. ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತೇನೆ:

ಮಾರ್ಚ್ 23. ಆಳ ಎಂಟು ಮೀಟರ್. ತಿಕ್ಕಿದ ಜಾಗದ ಒಳಗೆ, ಕೆಳಗಿನಿಂದ ಮೂರನೇ ಕೊಂಡಿಯಲ್ಲಿ, ಬಿಳಿ ಮೊಟ್ಟೆಸುರುಳಿ ಒಂದು. ಅಗಲ ನಾಲ್ಕು ಮಿಲಿಮೀಟರ್. ಯಾರದೆಂದು ಗೊತ್ತಿಲ್ಲ. ಮುಟ್ಟಿಲ್ಲ.